ಹದಿನಾಲ್ಕನೆಯ ಪೈಪು

ಆ ಬುಧವಾರ ಸಂಜೆ ಅವಳು ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ‘ಇವತ್ತೂ ಹದಿನಾಲ್ಕಕ್ಕೆ ಹೋಗಲಿಲ್ಲ.’

ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಬೇಕಿತ್ತು, ಕೈ ಏಳಲಿಲ್ಲ. ಹದಿನಾಲ್ಕಕ್ಕೆ ಹೋಗಲಿಲ್ಲ ಎನ್ನುವುದೇನೋ ನಿಜ. ಆದರೆ ಹೋಗದೆಯೇ ಹಾಳೆಯಲ್ಲಿ ಹದಿನಾಲ್ಕರ ಮುಂದಿನ ಖಾನೆಗೆ 0.2 ಎಂದು ತುಂಬಿದ್ದಳಲ್ಲ, ಆ ಮಾತು ದಿನಚರಿಗೂ ಬೇಡ ಅನ್ನಿಸಿತು. ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಬಚ್ಚಿಟ್ಟ ಪುಸ್ತಕ ಅದು, ಅವಳ ಹೊರತು ಇನ್ನೊಬ್ಬರು ಮುಟ್ಟಿದ್ದಿಲ್ಲ. ಅದರ ಮುಂದೆಯೂ ಅವಳಿಗೆ ನಾಚಿಕೆ.

ಹೀಗೆ ಬರೆಯದೆ ಉಳಿದದ್ದು ಅಂದಿಗೆ ಹತ್ತೊಂಬತ್ತನೆಯ ದಿನ.

ಅವಳ ಕೆಲಸ ಏನೆಂದು ಹೇಳದಿದ್ದರೆ ಈ ದಿಗಿಲು ಅರ್ಥವಾಗುವುದಿಲ್ಲ. ಊರಾಚೆ ನಲವತ್ತು ವರ್ಷ ಕಸ ಸುರಿದು ಸುರಿದು ಎದ್ದ ಒಂದು ಗುಡ್ಡವಿತ್ತು. ಐದು ವರ್ಷದ ಹಿಂದೆ ಸುರಿಯುವುದನ್ನು ನಿಲ್ಲಿಸಿ, ಗುಡ್ಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಜೇಡಿಮಣ್ಣು ಬಡಿದು, ಅದರ ಮೇಲೆ ಎರಡಡಿ ಒಳ್ಳೆಯ ಮಣ್ಣು ಹರಡಿ, ಪಾರ್ಕ್ ಮಾಡಲು ಹೊರಟಿದ್ದರು. ಇಳಿಜಾರಿನಲ್ಲಿ ಹುಲ್ಲು, ಮೇಲೆ ಕಾಡುಗಿಡಗಳು, ತಪ್ಪಲಿನಲ್ಲಿ ಹಕ್ಕಿಗಳಿಗೆಂದು ಒಂದು ಕೊಳ. ಮುಂದಿನ ತಿಂಗಳು ಜನರಿಗೆ ಬಾಗಿಲು ತೆರೆಯುವುದೆಂದು ಗೊತ್ತಾಗಿತ್ತು. ಆದರೆ ನೀನೀಗ ಪಾರ್ಕ್ ಆಗಿದ್ದೀಯ ಎಂದು ಒಳಗಿನ ಕಸಕ್ಕೆ ಯಾರೂ ತಿಳಿಸಿರಲಿಲ್ಲ. ಅದು ತನ್ನ ಪಾಡಿಗೆ ಕೊಳೆಯುತ್ತಿತ್ತು, ಕೊಳೆತು ಗ್ಯಾಸ್ ಬಿಡುತ್ತಿತ್ತು.

ನಡುಗುಡ್ಡದ ಗ್ಯಾಸನ್ನು ಕೊಳವೆಗಳಲ್ಲಿ ಎಳೆದು ದೂರದಲ್ಲಿ ಸುಡುತ್ತಿದ್ದರು. ಕಣ್ಣು ತಪ್ಪಿಸಿ ಅಂಚಿನ ಕಡೆ ಬರುವುದೇನಾದರೂ ಇದೆಯೇ ಎಂದು ನೋಡಲು ಸುತ್ತ ಇಪ್ಪತ್ತನಾಲ್ಕು ಪೈಪುಗಳನ್ನು ನೆಟ್ಟಿದ್ದರು. ಸೊಂಟದೆತ್ತರದ ಹಳದಿ ಪೈಪು, ನೆತ್ತಿಯ ಮೇಲೆ ಪುಟ್ಟ ನಲ್ಲಿ. ಮೀಟರಿನ ರಬ್ಬರು ನಳಿಕೆಯನ್ನು ನಲ್ಲಿಗೆ ಸಿಕ್ಕಿಸಬೇಕು, ಗುಂಡಿ ಒತ್ತಬೇಕು, ಅಂಕಿ ಒಂದು ಕಡೆ ನಿಲ್ಲುವ ತನಕ ಮೂರು ನಿಮಿಷ ಕಾಯಬೇಕು, ಹಾಳೆಯಲ್ಲಿ ಬರೆದುಕೊಂಡು ಮುಂದಿನ ಪೈಪಿಗೆ ನಡೆಯಬೇಕು. ನೂರಕ್ಕೆ ಒಂದರ ಒಳಗಿದ್ದರೆ ಚಿಂತೆಯಿಲ್ಲ. ಒಂದನ್ನು ದಾಟಿದರೆ ನಿಂತ ನಿಲುವಿನಲ್ಲೇ ಇಂಜಿನಿಯರಿಗೆ ಹೇಳಬೇಕು. ಇಷ್ಟೇ ಕೆಲಸ.

ರಸಾಯನಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳಿಗೆ ಇದೇನು ಕೆಲಸ ಎಂದು ನೆಂಟರು ಮೂಗು ಮುರಿದಿದ್ದರು. ಅವಳಿಗೆ ಮಾತ್ರ ಹಿಡಿಸಿತ್ತು. ಪೈಪುಗಳು ಊಟವಾಯಿತೇ ಎನ್ನುವುದಿಲ್ಲ, ಮದುವೆ ಯಾವಾಗ ಎನ್ನುವುದಿಲ್ಲ, ಯಾಕಮ್ಮ ಸಪ್ಪಗಿದ್ದೀಯ ಎಂದಂತೂ ಕೇಳುವುದೇ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಖರೆಯಾಗಿದ್ದರೆ ಅವಳು ಇಷ್ಟು ಹೊತ್ತಿಗೆ ಆ ಊರಿಗೇ ದೊಡ್ಡ ಸಾಹುಕಾರಳಾಗಿರಬೇಕಿತ್ತು.

ತೊಡಕಿದ್ದದ್ದು ಹದಿನಾಲ್ಕರಲ್ಲಿ ಮಾತ್ರ. ಅದನ್ನು ನೆಟ್ಟಿದ್ದು ತೋಟದ ಕೆಲಸದವರ ಸ್ಟೋರಿನ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ. ಇಟ್ಟಿಗೆ ಗೋಡೆ, ತಗಡಿನ ಬಾಗಿಲು, ಒಳಗೆ ಗುದ್ದಲಿ, ಸನಿಕೆ, ಗೊಬ್ಬರದ ಚೀಲ, ಮೂಲೆಯಲ್ಲೊಂದು ಸಣ್ಣ ಗ್ಯಾಸ್ ಒಲೆ. ಅವಳು ಅಲ್ಲಿಗೆ ಮುಟ್ಟುವುದಕ್ಕೂ ಅವರು ಹೊರಗೆ ಕಲ್ಲುಗಳ ಮೇಲೆ ಕೂತು ಚಹಾ ಕುಡಿಯುವುದಕ್ಕೂ ಸರಿಹೋಗುತ್ತಿತ್ತು. ಆರೆಂಟು ಜನರ ಎದುರಿಗೆ ಮೂರು ನಿಮಿಷ, ಎಂದರೆ ನೂರಾ ಎಂಬತ್ತು ಸೆಕೆಂಡು, ಪೈಪು ಹಿಡಿದು ಸುಮ್ಮನೆ ನಿಲ್ಲುವುದೆಂದರೇನೆಂದು ನಿಂತವರಿಗೇ ಗೊತ್ತು.

ಮೂರು ವಾರದ ಹಿಂದಿನ ಒಂದು ಮಂಗಳವಾರ ಅವಳು ಹಾಗೆ ನಿಂತಿದ್ದಾಗ ಟ್ರ್ಯಾಕ್ಟರಿನವನು ಲೋಟ ಕೆಳಗಿಟ್ಟು, "ಮೀಟರಮ್ಮ, ಆ ನಳಿಕೆ ನನ್ನ ಬಾಯಿಗೂ ಒಂದ್ಸಲ ಹಿಡೀರಿ. ಹೊಟ್ಟೇಲಿ ಎಷ್ಟು ಗ್ಯಾಸಿದೆ ಗೊತ್ತಾಗಲಿ" ಅಂದಿದ್ದ.

"ನಿನ್ನ ಹೊಟ್ಟೆಗೆ ಹಿಡಿದ್ರೆ ಮೀಟರ್ರೇ ನೆಗೆದುಬೀಳುತ್ತೆ. ಪಾಪ, ಆ ಹುಡುಗಿ ಸಂಬಳದಲ್ಲಿ ಹಿಡ್ಕೊಳ್ತಾರೆ" ಎಂದಳು ಸಸಿಗಳನ್ನು ನೋಡಿಕೊಳ್ಳುವ ಗುಡ್ಡದಕ್ಕ.

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಆದರೆ ನಗಲು ಹೋದ ಮುಖ ಏನೋ ಆಗಿ, ಕಿವಿಗಳು ಕೆಂಪಗಾಗಿ, ಕಣ್ಣು ಮೀಟರಿಗೆ ಅಂಟಿಕೊಂಡಿತು. ಆಗ ನೀರು ಹಾಯಿಸುವವಳು ದನಿ ತಗ್ಗಿಸಿ, ತಗ್ಗಿಸಿದ್ದು ಎಲ್ಲರಿಗೂ ಕೇಳುವಂತೆ, "ಬಿಡ್ರೋ, ಮಾತು ಬರಲ್ಲ ಆ ಹುಡುಗೀಗೆ" ಎಂದಳು.

ತಮಾಷೆ ಅವಳಿಗೆ ನೋಯಲಿಲ್ಲ. ಆ ಕನಿಕರ ನೋಯಿತು. ಮರುದಿನ ಹದಿಮೂರರಿಂದ ನೇರ ಹದಿನೈದಕ್ಕೆ ಹೋದಳು. ಹದಿಮೂರು 0.2, ಹದಿನೈದು 0.3. ನಡುವಿನದು ಇನ್ನೆಷ್ಟಿದ್ದೀತು? ತಿಂಗಳುಗಟ್ಟಲೆ ಅಷ್ಟೇ ಇದ್ದದ್ದು ಒಂದು ದಿನದಲ್ಲಿ ಏನಾದೀತು? ನಾಳೆ ಹೋದರಾಯಿತು. ಹೀಗೆ ಶುರುವಾದ ನಾಳೆ ಹತ್ತೊಂಬತ್ತು ದಿನ ನಾಳೆಯಾಗಿಯೇ ಉಳಿಯಿತು. ದಿನವೂ ಒಂದೇ ಅಂಕಿ ಬರೆದರೆ ಅನುಮಾನ ಬಂದೀತೆಂದು ಒಂದು ದಿನ 0.2, ಒಂದು ದಿನ 0.3, ನಡುವೆ ಒಮ್ಮೆ 0.1 ಎಂದೂ ಬರೆದಳು. ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

*

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಂಜಿನಿಯರ್ ಅವಳನ್ನು ಸ್ಟೋರಿನ ಹತ್ತಿರಕ್ಕೆ ಕರೆಸಿದ. ಹಾಳೆಗಳ ಫೈಲು ತರಲು ಹೇಳಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ದಾರಿಯುದ್ದಕ್ಕೂ ಫೈಲಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಬಂದಳು. ಗೊತ್ತಾಗಿದೆ. ಯಾರೋ ಹೇಳಿದ್ದಾರೆ.

ಇಂಜಿನಿಯರ್ ನಿಂತಿದ್ದದ್ದು ಪೈಪಿನ ಹತ್ತಿರವಲ್ಲ, ಅದರಾಚೆಯ ಗಿಡಗಳ ಸಾಲಿನ ಹತ್ತಿರ. ನಲವತ್ತು ಸಸಿಗಳು. ಒಂದು ಸಲ ನೆಟ್ಟದ್ದು ಒಣಗಿ, ಕಿತ್ತು ಮತ್ತೆ ನೆಟ್ಟದ್ದೂ ಒಣಗಿ, ಮೂರನೆಯ ಸಲ ನೆಟ್ಟವೂ ಈಗ ತುದಿಯಿಂದ ಹಳದಿಯಾಗುತ್ತಿದ್ದವು. ಬುಡದ ಹುಲ್ಲು ದೊಡ್ಡ ತಟ್ಟೆಯಗಲ ದುಂಡಗೆ ಸುಟ್ಟಂತಿತ್ತು. ಎದುರಿಗೆ ಗುಡ್ಡದಕ್ಕ ಕೈಕಟ್ಟಿ ನಿಂತಿದ್ದಳು.

ಐವತ್ತು ದಾಟಿದ ಹೆಂಗಸು. ಈ ಗುಡ್ಡ ಬರೀ ಕಸವಾಗಿದ್ದಾಗ ಹದಿನೆಂಟು ವರ್ಷ ಇದರ ಮೇಲೆ ಬಾಟಲಿ, ತಗಡು, ಪ್ಲಾಸ್ಟಿಕ್ ಆಯ್ದವಳು. ಹೆಸರು ಬಂದದ್ದೇ ಅದರಿಂದ. ಸುರಿಯುವುದು ನಿಂತಾಗ ಆಯುತ್ತಿದ್ದ ಜನರಲ್ಲಿ ಆರು ಮಂದಿಗೆ ಪಾರ್ಕಿನ ಕೆಲಸ ಕೊಟ್ಟಿದ್ದರು. ಒಬ್ಬೊಬ್ಬರೇ ಉದುರಿ ಈಗ ಉಳಿದವರು ಇಬ್ಬರು, ಇವಳು ಮತ್ತು ನೀರು ಹಾಯಿಸುವವಳು.

"ನೂರಾ ಇಪ್ಪತ್ತು ಸಸಿ ಅಕ್ಕ. ನೂರಾ ಇಪ್ಪತ್ತು" ಎನ್ನುತ್ತಿದ್ದ ಇಂಜಿನಿಯರ್. ಕೂಗುವ ಮನುಷ್ಯನಲ್ಲ, ಬೇಸರಪಡುವವನು. "ಮುಂದಿನ ತಿಂಗಳು ಜನ ಬರ್ತಾರೆ. ಗೇಟಿಂದ ಒಳಗೆ ಬಂದ್ರೆ ಮೊದಲು ಕಾಣೋದೇ ಈ ಜಾಗ."

"ನೀರು ಹಾಕಿದ್ದೀನಿ ಸಾರ್. ಗೊಬ್ಬರ ಹಾಕಿದ್ದೀನಿ. ಮಕ್ಕಳಿಗೂ ಇಷ್ಟು ಮಾಡಿರಲಿಲ್ಲ ನಾನು."

"ನೀರು ಜಾಸ್ತಿ ಆಗಿರಬೇಕು."

"ಅಲ್ಲಿ ಮೇಲ್ಗಡೆ ಇಷ್ಟೇ ನೀರು ಹಾಕ್ತೀನಲ್ಲ, ಅವು ನೋಡಿ ಹೇಗಿವೆ. ಇಲ್ಲಿ ಮಣ್ಣಲ್ಲೇ ಏನೋ ಇದೆ ಸಾರ್. ಬೆಳಿಗ್ಗೆ ಈ ಬಾಗಿಲು ತೆಗೆದ್ರೆ ನಂಗೆ ತಲೆ ಸಿಡಿಯುತ್ತೆ."

"ತಲೆ ಸಿಡಿದ್ರೆ ಮಾತ್ರೆ ತಗೋ. ಮಣ್ಣಲ್ಲಿ ಏನೂ ಇಲ್ಲ." ಇಂಜಿನಿಯರ್ ಹುಡುಗಿಯ ಕಡೆ ತಿರುಗಿದ. "ದಿನಾ ನೋಡ್ತಾಳಲ್ಲ ಇವಳು. ಏನಮ್ಮ, ಹದಿನಾಲ್ಕು ಎಷ್ಟಿದೆ?"

ಗುಡ್ಡದಕ್ಕ ಅವಳ ಮುಖ ನೋಡಿದಳು. ಯಾರೂ ಯಾವತ್ತೂ ಅವಳ ಬಾಯಿಯಿಂದ ಬರುವ ಮಾತಿಗೆ ಹಾಗೆ ಕಾದಿದ್ದಿಲ್ಲ.

"ಸೊನ್ನೆ ಪಾಯಿಂಟ್ ಎರಡು" ಎಂದಳು.

"ಒಂದು ತಿಂಗಳಿಂದ?"

ತಲೆ ಆಡಿಸಿದಳು.

"ನೋಡು ಅಕ್ಕ. ನಾನು ಹೇಳಿದ್ರೆ ಸಾಹೇಬ ಹೇಳಿದ ಅಂತೀಯ. ಅಂಕಿ ಹೇಳ್ತಿದೆ." ಇಂಜಿನಿಯರ್ ಕೈ ಒರೆಸಿಕೊಂಡ. "ಸೋಮವಾರ ಕಂಟ್ರಾಕ್ಟರ್ ಬೇರೆ ತೋಟದವನನ್ನ ಕರ್ಕೊಂಡು ಬರ್ತಾನೆ. ನೀನು ಅವನಿಗೆ ಸ್ಟೋರಿನ ಕೀ ಕೊಟ್ಟು, ಆಫೀಸಿಗೆ ಬಂದು ಸಹಿ ಹಾಕು."

ಗುಡ್ಡದಕ್ಕ ಬಗ್ಗಿ ಒಂದು ಸಸಿಯ ಬುಡದಲ್ಲಿ ಬೆರಳು ಊರಿ, ಮಣ್ಣು ಎತ್ತಿ ಮೂಸಿದಳು. ಹದಿನೆಂಟು ವರ್ಷ ಕಸದಲ್ಲೇ ಉಸಿರಾಡಿದ ಮೂಗು. ಅದಕ್ಕೆ ಏನೂ ಹೊಳೆಯಲಿಲ್ಲ. ಹುಡುಗಿ ಫೈಲು ಹಿಡಿದು ಆಫೀಸಿನ ಕಡೆ ತಿರುಗಿದಳು. ಬರೆದ ಸುಳ್ಳನ್ನು ಹಾಳೆ ಹೊತ್ತುಕೊಂಡಿತ್ತು. ಇವತ್ತು ಆಡಿದ್ದನ್ನು ತಾನೇ ಹೊರಬೇಕಿತ್ತು.

*

ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ಅವಳು ಅಪ್ಪನನ್ನು ಒಂದು ಪ್ರಶ್ನೆ ಕೇಳಿದಳು. ಅವಳಾಗಿ ಬಾಯಿ ಬಿಟ್ಟು ಕೇಳಿದ್ದೇ ಸುದ್ದಿ ಎನ್ನುವಂತೆ ಅಮ್ಮ ಬಡಿಸುತ್ತಿದ್ದ ಸೌಟು ನಿಲ್ಲಿಸಿದಳು.

"ಅಪ್ಪಾ, ಗೇಟಿನ ಹತ್ರ ಈಗ ಸ್ಟೋರು ಕಟ್ಟಿದ್ದಾರಲ್ಲ, ಅಲ್ಲಿ ಮೊದಲು ಏನಿತ್ತು?"

ಅಪ್ಪ ಇಪ್ಪತ್ತಾರು ವರ್ಷ ಕಸದ ಲಾರಿ ಓಡಿಸಿದವನು. ಮಂಡಿನೋವಿಗೆ ಮನೆ ಹಿಡಿದ ಮೇಲೆ ಅವನನ್ನು ಯಾರೂ ಕೆಲಸದ ಬಗ್ಗೆ ಕೇಳಿದ್ದಿಲ್ಲ. ಮುಖ ಅರಳಿತು. ಲೋಟ ಎತ್ತಿ ಮೇಜಿನ ನಡುವೆ ಇಟ್ಟ.

"ಇದು ಗೇಟು. ಈ ಉಪ್ಪಿನ ಡಬ್ಬಿ ತೂಕದ ಮನೆ. ಇಲ್ಲಿಂದ ಎಡಕ್ಕೆ ತಿರುಗಿದ್ರೆ, ಆ ಚಮಚ ಕೊಡಿಲ್ಲಿ, ಹಾಂ, ಇಲ್ಲೇ ಕೊನೇ ಗುಂಡಿ. ಮುಚ್ಚೋ ಮುಂಚೆ ಎರಡು ವರ್ಷ ನಾವು ಸುರಿದದ್ದೆಲ್ಲ ಅಲ್ಲೇ. ತರಕಾರಿ ಮಾರ್ಕೆಟ್ಟು, ಮಾಂಸದ ಮಾರ್ಕೆಟ್ಟು, ಹೋಟೆಲ್ಲು. ಬರೀ ಹಸಿ ಕಸ. ಟೈರು ಹೂತುಹೋಗೋದು."

"ಊಟದ ಹೊತ್ತಲ್ಲಿ ನಿಮ್ಮ ಕಸಪುರಾಣ ಬೇಕಾ?" ಎಂದಳು ಅಮ್ಮ.

"ನಿನ್ನ ಮಗಳು ಕೇಳಿದ್ದು ಕಣೇ. ಇಷ್ಟು ವರ್ಷಕ್ಕೆ ಒಬ್ಬರು ಕೇಳಿದ್ರು, ಅದಕ್ಕೂ ಕಲ್ಲು ಹಾಕ್ತೀಯ." ಅಪ್ಪ ಚಮಚವನ್ನು ಇನ್ನಷ್ಟು ಸರಿಯಾದ ಜಾಗಕ್ಕೆ ಸರಿಸಿದ. "ಮುಚ್ಚುವಾಗ ಅವಸರ ಬೇರೆ. ಮಳೆ ಶುರುವಾಗ್ತಿತ್ತು. ಆ ಮೂಲೇಲಿ ಪ್ಲಾಸ್ಟಿಕ್ ಹಾಳೆ ಸರಿಯಾಗಿ ಬೆಸೆದ್ರೋ ಇಲ್ವೋ ಆ ದೇವರಿಗೇ ಗೊತ್ತು. ಯಾಕೆ, ಏನಾಯ್ತು?"

"ಏನಿಲ್ಲ."

"ತಟ್ಟೆ ಜೊತೆ ಏನಾದ್ರೂ ಜಗಳನಾ?" ಎಂದಳು ಅಮ್ಮ. "ಆಗ್ಲಿಂದ ಕಲಸ್ತಾನೇ ಇದ್ದೀಯ."

"ಏನಿಲ್ಲಮ್ಮ."

ಹಸಿ ಕಸ, ಹೊಸ ಕಸ. ಗ್ಯಾಸ್ ಹೆಚ್ಚು ಏಳುವುದೇ ಅದರಿಂದ. ಎದ್ದ ಗ್ಯಾಸ್ ಮಣ್ಣಿನೊಳಗಿನ ಗಾಳಿಯನ್ನು ತಳ್ಳಿ ತಾನು ಕೂರುತ್ತದೆ. ಬೇರಿಗೆ ಉಸಿರಿಲ್ಲದೆ ಗಿಡ ತುದಿಯಿಂದ ಸಾಯುತ್ತದೆ. ಮೂರನೆಯ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ಹತ್ತಕ್ಕೆ ಎಂಟು ಸಿಕ್ಕಿತ್ತು. ಗಿಡ ಒಣಗಿತೆಂದು ಗುಡ್ಡದಕ್ಕ ಇನ್ನಷ್ಟು ನೀರು ಹಾಕಿದಷ್ಟೂ ಮೇಲ್ಮಣ್ಣು ನೆನೆದು ಗಟ್ಟಿಯಾಗಿ, ಮೇಲೇಳಲಾರದ ಗ್ಯಾಸ್ ಅಡ್ಡಕ್ಕೆ ಹರಿಯುತ್ತದೆ. ಅಡ್ಡಕ್ಕೆ ಏನಿದೆ? ಸ್ಟೋರಿದೆ. ಸ್ಟೋರಿನ ನೆಲದಲ್ಲಿ ನೀರಿನ ಕೊಳಾಯಿ ಒಳಬರುವ ಸಂದಿದೆ. ಮೂಲೆಯಲ್ಲಿ ಒಲೆಯಿದೆ.

ಆದರೂ ಇದೆಲ್ಲ ಊಹೆ. ಅಳತೆಯಿಲ್ಲದೆ ಹೇಗೆ ಹೇಳುವುದು? ಅಳತೆ ಇಲ್ಲದಿರುವುದು ಯಾರಿಂದ ಎಂದು ಮನಸ್ಸು ತಿರುಗಿ ಕೇಳಿತು. ಆ ದಿನ ದಿನಚರಿ ತೆಗೆಯಲೇ ಇಲ್ಲ.

ಶನಿವಾರ ಹದಿಮೂರನ್ನು ಮುಗಿಸಿ ಗಟ್ಟಿಮನಸ್ಸು ಮಾಡಿ ಹೊರಟಳು. ಅರ್ಧ ದಾರಿಯಲ್ಲಿ ನೋಡಿದರೆ ಸ್ಟೋರಿನ ಮುಂದೆ ಎಂದಿಗಿಂತ ಹೆಚ್ಚು ಜನ. ಗುಡ್ಡದಕ್ಕ ಹೋಗುತ್ತಾಳೆಂದು ಮೇಲಿನವರೂ ಇಳಿದು ಬಂದಿದ್ದರು. ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೆಲ್ಲ ಒಟ್ಟಿಗೆ ತಲೆಯೆತ್ತಿ ತನ್ನನ್ನು ನೋಡಿದಂತೆ ಅವಳಿಗೆ ಕಂಡಿತು. ಸೊನ್ನೆ ಪಾಯಿಂಟ್ ಎರಡು ಎಂದವಳು ಇವಳೇ. ಕಾಲು ತಾನಾಗಿ ಹೊರಳಿ ಹದಿನೈದರ ದಾರಿ ಹಿಡಿಯಿತು. ಹಾಳೆಯಲ್ಲಿ 0.3 ಎಂದು ಬರೆಯುವಾಗ ಪೆನ್ನಿನ ತುದಿ ಕಾಗದ ಹರಿಯಿತು.

ಭಾನುವಾರ ಇಡೀ ದಿನ ಮಳೆ. ರಜೆ. ಸ್ಟೋರಿಗೆ ಬೀಗ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಯ ತೋಳು ಬಿಚ್ಚುತ್ತಿದ್ದಳು. ಅವಳು ಕಿಟಕಿಯ ಹತ್ತಿರ ಕೂತು, ನೀರು ಇಳಿಯುವುದನ್ನು ನೋಡುತ್ತ, ಮುಚ್ಚಿದ ಕೋಣೆಯೊಂದರಲ್ಲಿ ಕಾಣದ್ದು ಒಂದು ಗಂಟೆಗೆ ಎಷ್ಟು ತುಂಬೀತೆಂದು ಲೆಕ್ಕ ಹಾಕಿದಳು. ಲೆಕ್ಕಕ್ಕೆ ಬೇಕಾದ ಮೊದಲ ಅಂಕಿಯೇ ಅವಳ ಹತ್ತಿರ ಇರಲಿಲ್ಲ.

*

ಸೋಮವಾರ ಆರೂವರೆಗೆ ಕಾವಲುಗಾರ ಗೇಟು ತೆಗೆಯುವ ಹೊತ್ತಿಗೆ ಅವಳು ಹೊರಗೆ ನಿಂತಿದ್ದಳು.

"ಏನಮ್ಮ, ಗಡಿಯಾರ ಕೆಟ್ಟಿದೆಯಾ?" ಎಂದ ಅವನು.

ಜನ ಇರುವಾಗ ಆಗದ ಕೆಲಸ ಜನ ಬರುವ ಮುಂಚೆ ಆಗುತ್ತದೆ. ಇಷ್ಟು ಸುಲಭದ ಉಪಾಯ ಇಪ್ಪತ್ತೆರಡು ದಿನ ಯಾಕೆ ಹೊಳೆಯಲಿಲ್ಲವೋ. ಮಣ್ಣು ನೆನೆದು ಚಪ್ಪಲಿಗೆ ಅಂಟುತ್ತಿತ್ತು. ಹದಿನಾಲ್ಕರ ನಲ್ಲಿಗೆ ನಳಿಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಮೀಟರು ಗುರುಗುಟ್ಟಿತು.

0.2. ಅಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ಅಂಕಿ ಓಡತೊಡಗಿತು. 1. 4. 11. 19. ಒಂದು ನಿಮಿಷವೂ ಆಗಿರಲಿಲ್ಲ. 26. ಮೂರನೆಯ ನಿಮಿಷಕ್ಕೆ ಮೂವತ್ತೊಂದರಲ್ಲಿ ನಿಂತಿತು.

ನಳಿಕೆ ಕಿತ್ತಳು. ಸ್ಟೋರಿನ ತಗಡಿನ ಬಾಗಿಲ ಅಡಿಯ ಸಂದಿಗೆ ಅದನ್ನು ತೂರಿಸಿ ಮಂಡಿಯೂರಿ ಕೂತಳು. 2. 4. 6. ಗಾಳಿಯಲ್ಲಿ ನೂರಕ್ಕೆ ಐದರಿಂದ ಹದಿನೈದು ಬೆರೆತರೆ ಒಂದು ಕಿಡಿ ಸಾಕು. ಅದನ್ನು ಓದುವುದಕ್ಕೆ ಅವಳಿಗೆ ಪುಸ್ತಕ ಬೇಕಿರಲಿಲ್ಲ.

ಮೀಟರು ಕೆಟ್ಟಿರಬೇಕು ಎಂದುಕೊಂಡಳು. ಕೆಟ್ಟಿರಲಿ ಎಂದು ಬೇಡಿಕೊಂಡಳು. ಖಾತ್ರಿ ಮಾಡಿಕೊಳ್ಳಲು ಹದಿಮೂರಕ್ಕೆ ಓಡಿದಳು, ನೂರು ಹೆಜ್ಜೆ, ಪೊದೆಗಳ ಆಚೆ. 0.2. ಮೀಟರು ಸರಿಯಿತ್ತು. ಇಂಜಿನಿಯರಿಗೆ ಫೋನ್ ಮಾಡಬೇಕು. ಹೆಸರು ತೆಗೆದಳು. ಇಷ್ಟು ಬೆಳಿಗ್ಗೆ ಎಬ್ಬಿಸಿ ಏನೆನ್ನುವುದು? ‘ಸಾರ್, ಹದಿನಾಲ್ಕು’ ಎಂದು ಬರೆದು ಅಳಿಸಿದಳು. ‘ಸಾರ್, ಇವತ್ತು’ ಎಂದು ಬರೆದು ಅಳಿಸಿದಳು. ತಲೆಯೆತ್ತಿದಾಗ ಗುಡ್ಡದಕ್ಕ ಸ್ಟೋರಿನ ಬಾಗಿಲು ತೆಗೆಯುತ್ತಿದ್ದಳು.

ಕೊನೆಯ ದಿನವೆಂದು ಬೇಗ ಬಂದಿದ್ದಳೋ ಏನೋ. ಕೈಯಲ್ಲಿ ಹಾಲಿನ ಪೊಟ್ಟಣವಿತ್ತು.

ಕೂಗಬೇಕಿತ್ತು. ಬಾಯಿ ತೆರೆಯಿತು. ಉಸಿರು ಹೊರಬಂತು, ದನಿ ಬರಲಿಲ್ಲ. ಗುಡ್ಡದಕ್ಕ ಒಳಗೆ ಹೋದಳು. ಹುಡುಗಿ ಮೀಟರನ್ನು ಎದೆಗೆ ಅವಚಿಕೊಂಡು ಓಡಿದಳು. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು. ಬಾಗಿಲಿಗೆ ಬಂದಾಗ ಗುಡ್ಡದಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಂಕಿಪೊಟ್ಟಣ ತೆರೆದು ಕಡ್ಡಿ ಹೆಕ್ಕುತ್ತಿದ್ದಳು. ಹುಡುಗಿ ಹಾರಿ ಆ ಕೈ ಹಿಡಿದಳು. ಕಡ್ಡಿಗಳು ನೆಲದ ತುಂಬ ಚೆಲ್ಲಿದವು. ತನಗಿಂತ ಎರಡು ಪಟ್ಟು ದಪ್ಪದ ಹೆಂಗಸನ್ನು ಎಲ್ಲಿಯ ಬಲದಿಂದ ಎಳೆದಳೋ, ಇಬ್ಬರೂ ಹೊರಗೆ ಬಂದು ಗೊಬ್ಬರದ ಗುಡ್ಡೆಯ ಮೇಲೆ ಬಿದ್ದರು.

ಗುಡ್ಡದಕ್ಕ ಸುಧಾರಿಸಿಕೊಂಡು ಎದ್ದು ಕೂತು, ಮೊಣಕೈ ಉಜ್ಜಿಕೊಂಡಳು. "ಚಹಾ ಬೇಡ ಅಂತಿದ್ರೆ ಬಾಯಲ್ಲಿ ಹೇಳಬಹುದಿತ್ತಲ್ಲೇ ತಾಯಿ."

ಹುಡುಗಿ ನಳಿಕೆಯನ್ನು ಬಾಗಿಲ ಒಳಗೆ ಚಾಚಿ, ಮೀಟರನ್ನು ಅವಳ ಮುಂದೆ ಹಿಡಿದಳು. ಬಾಗಿಲು ತೆರೆದೂ ಐದು ತೋರಿಸುತ್ತಿತ್ತು. ಗುಡ್ಡದಕ್ಕನಿಗೆ ಆ ಅಂಕಿಯ ಅರ್ಥ ತಿಳಿಯಲಿಲ್ಲ. ಒಳಗೆ ಚೆಲ್ಲಿದ ಕಡ್ಡಿಗಳತ್ತ ಹುಡುಗಿ ಬೆರಳು ತೋರಿಸಿದ್ದು ತಿಳಿಯಿತು. ಅವಳು ಮೆಲ್ಲಗೆ ಎದ್ದು, ಹುಡುಗಿಯನ್ನೂ ಎಬ್ಬಿಸಿ, ದೂರದ ಕಲ್ಲಿನ ತನಕ ತೋಳು ಹಿಡಿದು ನಡೆಸಿದಳು. ಕಾವಲುಗಾರನಿಗೆ ಹೇಳಿ ಇಂಜಿನಿಯರಿಗೆ ಫೋನ್ ಮಾಡಿಸಿದ್ದೂ ಅವಳೇ.

*

ಇಂಜಿನಿಯರ್ ಬಂದವನು ಮೊದಲು ತಾನೇ ಮೀಟರು ಹಿಡಿದು ನೋಡಿದ. ಆಮೇಲೆ ಸ್ಟೋರಿನ ಸುತ್ತ ಹಗ್ಗ ಕಟ್ಟಿಸಿದ, ಕರೆಂಟು ತೆಗೆಸಿದ, ಬೀಡಿ ಸೇದುವವರನ್ನು ಗೇಟಿನಾಚೆ ಕಳಿಸಿದ, ಮೂರು ಕಡೆ ಫೋನ್ ಮಾಡಿದ. ಕೆಲಸ ಬಲ್ಲವನು. ಅರ್ಧ ಗಂಟೆಯ ಮೇಲೆ ಕಲ್ಲಿನ ಹತ್ತಿರ ಬಂದು ನಿಂತಾಗ ಅವನ ಹಣೆ ಬೆವರಿತ್ತು. ಎಲ್ಲರೂ ಸುತ್ತ ಸೇರಿದ್ದರು.

"ಶನಿವಾರ ಎಷ್ಟಿತ್ತಮ್ಮ?"

ಅವಳು ಫೈಲು ಚಾಚಿದಳು. ಅವನೇ ತೆರೆದು ನೋಡಿದ.

"ಸೊನ್ನೆ ಪಾಯಿಂಟ್ ಮೂರು. ನಿನ್ನೆ ಮಳೆಗೆ ಒಂದೇ ದಿನದಲ್ಲಿ ಏರಿಬಿಟ್ಟಿದೆ." ಫೈಲು ಮುಚ್ಚಿದ. "ಎಲ್ಲರೂ ಕೇಳಿ. ಈ ಹುಡುಗಿ ಹೊತ್ತಿಗೆ ಮುಂಚೆ ಬಂದು ನೋಡದೇ ಇದ್ದಿದ್ರೆ ಇವತ್ತು ನಾವು ಇಲ್ಲಿ ಹೀಗೆ ನಿಂತಿರ್ತಿರಲಿಲ್ಲ. ಮೇಲಿನವರಿಗೆ ನಾನು ಬರೀತೀನಿ."

"ಮೀಟರಮ್ಮ, ತಪ್ಪಾಯ್ತು" ಎಂದ ಟ್ರ್ಯಾಕ್ಟರಿನವನು. "ಇನ್ನು ನಿಮ್ಮ ತಂಟೆಗೆ ಬರಲ್ಲ."

ನೀರು ಹಾಯಿಸುವವಳು ಕೆಸರಿನಿಂದ ಚಪ್ಪಲಿ ಕಿತ್ತು, ತೊಳೆದು ತಂದು ಅವಳ ಕಾಲ ಬಳಿ ಇಟ್ಟಳು. ಗುಡ್ಡದಕ್ಕ ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದಳು, ಬಿಟ್ಟಿರಲಿಲ್ಲ. ಮಣ್ಣು ಕೆದಕಿ ಒರಟಾದ, ಬೆಚ್ಚಗಿನ ಕೈಗಳು. ಹುಡುಗಿಗೆ ಆ ಕೈ ಕೆಂಡದಂತಿತ್ತು. ಬಿಡಿಸಿಕೊಳ್ಳುವಂತಿರಲಿಲ್ಲ.

ಇದೇ ಸಾಕಲ್ಲ ಎಂದು ಒಳಗಿನ ದನಿ ಹೇಳಿತು. ಯಾರಿಗೂ ಏನೂ ಆಗಲಿಲ್ಲ. ಸ್ಟೋರು ಖಾಲಿಯಾಯಿತು. ಇಂಜಿನಿಯರೇ ದಾರಿ ಮಾಡಿಕೊಟ್ಟಿದ್ದಾನೆ. ನೀನು ಸುಳ್ಳನ್ನೂ ಹೇಳಬೇಕಿಲ್ಲ, ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದು ನಿನಗೆ ಹುಟ್ಟಿನಿಂದ ಬಂದದ್ದು.

"ಸಾರ್" ಎಂದಳು ಗುಡ್ಡದಕ್ಕ. "ಹಾಗಾದ್ರೆ ಗಿಡ ಸತ್ತಿದ್ದೂ ಇದಕ್ಕೇ ಅಲ್ವಾ?"

ಇಂಜಿನಿಯರ್ ನ್ಯಾಯವಾಗಿಯೇ ಯೋಚಿಸಿದ. ಫೈಲು ಮತ್ತೆ ತೆರೆದು, ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಗುಚಿದ. ಹದಿನಾಲ್ಕರ ಸಾಲಿನ ಮೇಲೆ ಅವನ ಬೆರಳು ಹೋಗುವುದನ್ನು ಅವಳು ನೋಡಿದಳು. 0.3. 0.2. 0.2. 0.1. ಅಚ್ಚುಕಟ್ಟಾದ ಅಕ್ಷರ.

"ಇಲ್ಲ ಅಕ್ಕ. ಗಿಡ ಒಣಗ್ತಿರೋದು ಮೂರು ವಾರದಿಂದ. ಗ್ಯಾಸು ಬಂದಿರೋದು ನಿನ್ನೆ. ಅದೇ ಬೇರೆ, ಇದೇ ಬೇರೆ. ಇಲ್ಲೇ ಇದೆಯಲ್ಲ, ದಿನಾ ನೋಡಿ ಬರೆದಿದ್ದಾಳೆ." ಅವನ ದನಿ ಮೆತ್ತಗಾಯಿತು. "ನಂಗೂ ಬೇಜಾರೇ. ಕಂಟ್ರಾಕ್ಟರ್ ಹತ್ತು ಗಂಟೆಗೆ ಬರ್ತಾನೆ."

"ಆಯ್ತು ಸಾರ್. ಹಾಳೆ ಹೇಳಿದ ಮೇಲೆ ಇನ್ನೇನಿದೆ." ಗುಡ್ಡದಕ್ಕ ಹುಡುಗಿಯ ಕೈ ಬಿಟ್ಟಳು. ಸೊಂಟದಿಂದ ಸ್ಟೋರಿನ ಕೀಲಿ ಬಿಚ್ಚತೊಡಗಿದಳು. ದಾರದ ಗಂಟು ಹಳೆಯದು, ಉಗುರಿಗೆ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. "ಜೀವ ಉಳಿಯಿತಲ್ಲ, ಅಷ್ಟು ಸಾಕು. ಈ ಹುಡುಗಿ ಹೊಟ್ಟೆ ತಣ್ಣಗಿರಲಿ."

ಕೀಲಿ ಬಿಚ್ಚಿ ಬಂತು. ಇಂಜಿನಿಯರ್ ಕೈ ಚಾಚಿದ.

"ಸಾರ್."

ಎಲ್ಲರೂ ತಿರುಗಿದರು. ಯಾರ ದನಿ ಎಂದು ಹುಡುಕಿದವರೂ ಇದ್ದರು. ಹುಡುಗಿ ಕಲ್ಲಿನಿಂದ ಎದ್ದು ನಿಂತಿದ್ದಳು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಕಾಲು ಬರಿದಾಗಿತ್ತು. ಕಿವಿಗಳು ಕೆಂಪಗಾಗಿದ್ದವು. ಎಂಟು ಜೋಡಿ ಕಣ್ಣು ಅವಳ ಮೇಲಿದ್ದವು, ಅವಳು ಒಂದರಿಂದಲೂ ತಪ್ಪಿಸಿಕೊಳ್ಳಲಿಲ್ಲ.

"ಏನಮ್ಮ?"

"ಕೀ ತಗೋಬೇಡಿ ಸಾರ್. ಆ ಹಾಳೆ ಸುಳ್ಳು. ಶನಿವಾರದ ತನಕ ಇಪ್ಪತ್ತೆರಡು ದಿನ ನಾನು ಹದಿನಾಲ್ಕನೇ ಪೈಪಿಗೆ ಮೀಟರು ಹಿಡಿದೇ ಇರಲಿಲ್ಲ. ಇವರ ಮುಂದೆ ನಿಲ್ಲೋಕೆ ನಾಚಿಕೆಯಾಗಿ, ಆ ಅಂಕಿ ಎಲ್ಲ ನಾನೇ ಅಂದಾಜಿಗೆ ಬರೆದದ್ದು."